ಕಾಲಿಗೆ ತಳೆ, ತಳೆಗೆ ಮರ

ಕಳೆದ ಜನವರಿಯಲ್ಲಿ ತಂಗಿಯ ಮಗ ಕೆನಡಾದಿಂದ ಬಂದಿಳಿದಾಗ ಎಡಗಾಲು ಎಳೆಯುತ್ತಿದ್ದ. "ಎಂತಾ ಆಯ್ತೋ ತಮಾ?" ಎಂದು ಕೇಳಿದೆ. "ಹಿಮದ ಮೇಲೆ ಬಿದ್ದೆ ಮಾವ" ಎಂದ. ಜಾರಿ ಬಿದ್ದಿರಬೇಕು ಎಂದುಕೊಂಡರೆ ಹಾಗಲ್ಲ, ಜಾರಲೆಂದೇ ದುಡ್ಡು ಕೊಟ್ಟು ಹೋಗಿ ಬಿದ್ದದ್ದು! ಕ್ಯಾಲ್ಗರಿಯ ಪಕ್ಕದ ಗುಡ್ಡಗಳಲ್ಲಿ ಹಿಮ ಬಿದ್ದರೆ ಸಾಕು, ಅಲ್ಲಿನ ಹುಡುಗರು ಒಂದು ಹಲಗೆಗೆ ಎರಡೂ ಕಾಲು ಕಟ್ಟಿಕೊಂಡು ಮೇಲಿನಿಂದ ಕೆಳಕ್ಕೆ ಜಾರುತ್ತಾರಂತೆ. ಸ್ನೋಬೋರ್ಡ್ ಎಂದು ಅದರ ಹೆಸರು.

ಸುಂಕಸಾಳದಲ್ಲಿ ಹಿಮ ಎಲ್ಲಿಂದ ಬರಬೇಕು? ಅರಬೈಲ್ ಘಟ್ಟ ಇಳಿದು ಬರುವ ಲಾರಿಗಳ ಬ್ರೇಕಿನ ವಾಸನೆ, ಒಂದು ಕಡೆ ಗಂಗಾವಳಿ, ಇನ್ನೊಂದು ಕಡೆ ಗುಡ್ಡ, ನಡುವೆ ಅಡಿಕೆ ತೋಟ. ನಮ್ಮ ಊರೆಂದರೆ ಇಷ್ಟೇ. ಅಂಕೋಲೆ-ಹುಬ್ಬಳ್ಳಿ ಹೆದ್ದಾರಿಯ ನಂಬರು 63 ಇದ್ದದ್ದು 52 ಆಯಿತು. 2019ರ ಆಗಸ್ಟಿನ ನೆರೆಯಲ್ಲಿ ಹೊಳೆ ತೋಟಕ್ಕೇ ಬಂದು ಹೋಯಿತು. ಆದರೆ ಹಿಮದ ಸುದ್ದಿ ಮಾತ್ರ ನಮ್ಮ ಜಗಲಿಗೆ ಬಂದದ್ದು ಇದೇ ಮೊದಲು. ಹಾಗಾಗಿ ಹುಡುಗ ಕಾಲು ನೀಡಿ ಕೂತು ಹೇಳತೊಡಗಿದಾಗ ಮನೆಯವರೆಲ್ಲ ಸುತ್ತ ಸೇರಿದೆವು. ಅಂಗಳದಲ್ಲಿ ಕೊನೆ ರಾಶಿ ಹಾಕುತ್ತಿದ್ದ ನಮ್ಮ ಕೊನೆಗೌಡರೂ ಮೆಟ್ಟಿಲ ಮೇಲೆ ಕೂತು ಕವಳದ ಸಂಚಿ ಬಿಚ್ಚಿದರು.

ಕತೆ ಇಷ್ಟು. 1965ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಎಂಬ ಊರಿನಲ್ಲಿ ಶೆರ್ಮನ್ ಪಾಪೆನ್ ಎಂಬಾತ ಮಕ್ಕಳ ಆಟಕ್ಕೆಂದು ಎರಡು ಸ್ಕೀ ಹಲಗೆಗಳನ್ನು ಜೋಡಿಸಿ ಕೊಟ್ಟ. ಮಕ್ಕಳು ಅದರ ಮೇಲೆ ನಿಂತು ಹಿಮದಲ್ಲಿ ಜಾರಿದರು. ಆಗ ಹಲಗೆಗೆ ಕಾಲು ಕಟ್ಟುತ್ತಿರಲಿಲ್ಲ. ಮುಂದಿನ ತುದಿಗೆ ಒಂದು ಹಗ್ಗ, ಅದನ್ನು ಕೈಯಲ್ಲಿ ಹಿಡಿದು ನಿಲ್ಲುವುದು, ಅಷ್ಟೇ. 1977ರಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ಎಂಬಾತ ವರ್ಮಾಂಟಿನಲ್ಲಿ ಇಂಥ ಹಲಗೆ ಮಾಡುವ ಕಸುಬು ಶುರುಮಾಡಿದ. ಕಾಲನ್ನು ಹಲಗೆಗೆ ಬಿಗಿಯುವ ಪಟ್ಟಿ ಬಂದ ಮೇಲೆ ಆಟದ ರೀತಿಯೇ ಬೇರೆಯಾಯಿತು. 1998ರ ನಾಗಾನೊ ಒಲಿಂಪಿಕ್ಸಿಗೂ ಅದು ಕಾಲಿಟ್ಟಿತು. ಆ ಪಟ್ಟಿಗೆ ಬೈಂಡಿಂಗ್ ಎನ್ನುತ್ತಾರೆ.

ನಮ್ಮ ಹುಡುಗ ಎಡವಿದ್ದು ಇಲ್ಲಿಯೇ. ಕಡಿಮೆ ದರಕ್ಕೆ ಸಿಕ್ಕಿತೆಂದು ಬೈಂಡಿಂಗನ್ನು ಮನೆಯಲ್ಲೇ ಕೂತು ತರಿಸಿಕೊಂಡ. ದೊಡ್ಡದಿದ್ದರೆ ಒಳ್ಳೆಯದೇ, ಬಿಗಿ ಮಾಡಿಕೊಂಡರಾಯಿತು ಎಂದು ದೊಡ್ಡ ಸೈಜೇ ತರಿಸಿದ. ಪಟ್ಟಿಯನ್ನು ಕೊನೆಯ ಹಲ್ಲಿನವರೆಗೆ ಎಳೆದರೂ ಹಿಮ್ಮಡಿ ಅಲುಗುತ್ತಿತ್ತು. ತಿರುಗಬೇಕಾದ ಕಡೆ ಕಾಲು ತಿರುಗಿತು, ಹಲಗೆ ತಿರುಗಲಿಲ್ಲ. ಎದುರಿಗೆ ಮರ. ಮರ ತಪ್ಪಿಸಲು ಹೋಗಿ ಬಿದ್ದ, ಹರಡು ಉಳುಕಿತು.

"ಹಾಗಾದರೆ ಸರಿಯಾದ ಅಳತೆ ಯಾವುದೋ?" ಎಂದು ಕೇಳಿದೆ. ಬಿದ್ದ ಮೇಲೆ ಎಲ್ಲರೂ ಕಲಿಯುವಂತೆ ಇವನೂ ಕಲಿತಿದ್ದ. ಮೊದಲು ಬೂಟು. ಬೂಟು ಕಾಲಿಗೆ ಸರಿಯಾಗಬೇಕು. ನಿಂತಾಗ ಬೆರಳ ತುದಿ ಮುಂದಕ್ಕೆ ತಾಗಿಯೂ ತಾಗದಂತೆ ಇರಬೇಕು, ಮಂಡಿ ಬಗ್ಗಿಸಿದಾಗ ಹಿಮ್ಮಡಿ ಏಳಬಾರದು. ಆಮೇಲೆ ಆ ಬೂಟಿಗೆ ಬೈಂಡಿಂಗ್. ಸಣ್ಣದು, ಮಧ್ಯಮ, ದೊಡ್ಡದು ಎಂದು ಬರೆದಿರುತ್ತಾರೆ. ಆದರೆ ಒಬ್ಬ ತಯಾರಕನ ಮಧ್ಯಮ ಇನ್ನೊಬ್ಬನ ದೊಡ್ಡದಕ್ಕೆ ಸಮ ಇರಬಹುದು. ಹಾಗಾಗಿ ಬೂಟು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಬೇಕು, ಬೂಟನ್ನು ಬೈಂಡಿಂಗಿನಲ್ಲಿ ಕೂರಿಸಿ ನೋಡಬೇಕು. ಪಟ್ಟಿ ಬಿಗಿದಾಗ ಅದರ ಮೆತ್ತೆ ಪಾದದ ನಟ್ಟನಡುವೆ ಬರಬೇಕು. ಬಿಗಿಯಲು ಮತ್ತು ಸಡಿಲಿಸಲು ಎರಡೂ ಕಡೆ ಒಂದಿಷ್ಟು ಹಲ್ಲು ಉಳಿದಿರಬೇಕು. ಕೊನೆಗೆ ಹಲಗೆಯ ಅಗಲ. ಬೂಟು ಹಲಗೆಯ ಎರಡೂ ಅಂಚಿನಿಂದ ಸಮನಾಗಿ ಸ್ವಲ್ಪ ಹೊರಗಿದ್ದರೆ ಚಿಂತೆಯಿಲ್ಲ. ಹೆಚ್ಚಾದರೆ ವಾಲಿದಾಗ ಬೂಟಿನ ತುದಿ ಹಿಮಕ್ಕೆ ತಾಗಿ ಕೆಡವುತ್ತದೆ. ತೀರ ಒಳಗಿದ್ದರೆ ಹಲಗೆಯನ್ನು ಅಂಚಿನ ಮೇಲೆ ಎತ್ತಲು ಬಲ ಸಾಲದು.

"ಕಾಲು, ಕಾಲಿಗೆ ಬೂಟು, ಬೂಟಿಗೆ ಬೈಂಡಿಂಗ್, ಬೈಂಡಿಂಗಿಗೆ ಹಲಗೆ. ಈ ಸಾಲು ತಪ್ಪಿಸಬಾರದು ಮಾವ. ನಾನು ಹಿಂದುಮುಂದು ಮಾಡಿದೆ" ಎಂದು ಮುಗಿಸಿದ.

ಗೌಡರು ಅಲ್ಲಿಯವರೆಗೆ ಒಂದೂ ಮಾತಾಡಿರಲಿಲ್ಲ. ಕವಳ ಉಗುಳಿ ಬಂದು, "ಅಲ್ಲಾ ತಮಾ, ನೀ ಹೇಳೂದು ನಮ್ಮ ತಳೆ ಲೆಕ್ಕನೇ ಆಯ್ತಲ್ಲ! ನೀವು ಇಳೂಕೆ ಕಟ್ಕಂತ್ರಿ, ನಾವು ಹತ್ತೂಕೆ ಕಟ್ಕಂತೇವು" ಎಂದರು.

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಪೇಟೆಯ ಓದುಗರಿಗಾಗಿ ನಾಲ್ಕು ಮಾತು. ನಮ್ಮ ಕಡೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವನಿಗೆ ಕೊನೆಗೌಡ ಎನ್ನುತ್ತೇವೆ. ಅದು ಕೆಲಸದ ಹೆಸರು. ಐವತ್ತು-ಅರವತ್ತು ಅಡಿ ಎತ್ತರದ, ಕೊಂಬೆಯಿಲ್ಲದ, ತೋಳಿನಲ್ಲಿ ಅಪ್ಪಬಹುದಾದ ಕಂಬದಂಥ ಮರ ಅದು. ಅವನು ತುದಿಗೆ ಹೋಗಿ ಕೊನೆ ಕೊಯ್ದು, ನೇಣಿನ ಮೇಲೆ ಜಾರಿಸಿ ಕೆಳಗೆ ಬಿಡುತ್ತಾನೆ. ನೇಣಿನ ಇನ್ನೊಂದು ತುದಿ ಹಿಡಿದು ನಿಲ್ಲಲು ಕೆಳಗೊಬ್ಬ ಬೇಕು. ಮರಗಳ ನಡುವೆ ಒಂಬತ್ತು ಅಡಿಯ ಅಂತರ. ಅನುಭವಿಯಾದವನು ಒಂದು ಮರದ ತುದಿಯಿಂದಲೇ ಪಕ್ಕದ ಮರವನ್ನು ಎಳೆದುಕೊಂಡು ದಾಟುತ್ತಾನೆ, ಪ್ರತಿ ಸಲ ಇಳಿಯುವುದಿಲ್ಲ. ಮಳೆಗಾಲದಲ್ಲಿ ಇನ್ನೂ ಕಷ್ಟದ ಕೆಲಸವಿದೆ. ಕೊಳೆರೋಗಕ್ಕೆ ಮದ್ದು ಹೊಡೆಯಬೇಕು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ 1910ರಲ್ಲೇ ಪುಸ್ತಕ ಪ್ರಕಟಿಸಿದ್ದರು. ಇವತ್ತಿಗೂ ನಮ್ಮ ಮದ್ದು ಅದೇ ಬೋರ್ಡೋ ದ್ರಾವಣ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅದನ್ನು ಹೊಡೆಯಲು ಪಾಚಿಗಟ್ಟಿದ, ನೀರಿಳಿಯುವ ಮರ ಹತ್ತಬೇಕು.

ಇಷ್ಟೆಲ್ಲ ನಡೆಯುವುದು ಕಾಲಿಗೆ ಹಾಕಿದ ಒಂದು ಬಳೆಯ ಬಲದಿಂದ. ಅದೇ ತಳೆ. ಹಗ್ಗವನ್ನೋ ನಾರನ್ನೋ ಹೊಸೆದು ಮಾಡಿದ ಉಂಗುರ. ಎರಡೂ ಪಾದ ಅದರೊಳಗೆ ತೂರಿಸಿ, ಮರದ ಎರಡು ಮಗ್ಗುಲಿಗೆ ಅಂಗಾಲು ಒತ್ತಿ, ಮೇಲೆ ಕೈಯಲ್ಲಿ ಮರ ಅಪ್ಪಿ, ಕಪ್ಪೆಯ ಹಾಗೆ ಕುಪ್ಪಳಿಸಿ ಏರುವುದು. ತಳೆ ಮಾಡುವ ಕೆಲಸ ಒಂದೇ. ಮೈಭಾರ ಬಿದ್ದಾಗ ಎರಡು ಪಾದಗಳೂ ದೂರ ಸರಿಯಲು ನೋಡುತ್ತವೆ. ತಳೆ ಅವನ್ನು ಬಿಡುವುದಿಲ್ಲ. ಬಿಡದ್ದರಿಂದ ಅಂಗಾಲು ಮರವನ್ನು ಅಮುಕುತ್ತದೆ. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಇಕ್ಕಳದ ತಿರುಗಣೆ ಮೊಳೆ ಇದ್ದ ಹಾಗೆ.

ಹುಡುಗ ಪುಸ್ತಕ ತೆಗೆದು ಬರೆದುಕೊಳ್ಳುವುದಕ್ಕೆ ಕೂತ. ಗೌಡರಿಗೂ ಹುರುಪು ಬಂತು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಕೊಡುತ್ತೇನೆ.

ತಳೆ ಅಂಗಡಿಯಲ್ಲಿ ಕೊಳ್ಳುವ ವಸ್ತುವಲ್ಲ, ಇನ್ನೊಬ್ಬರದ್ದನ್ನು ಇಸಿದುಕೊಳ್ಳುವುದೂ ಅಲ್ಲ. ಅಪ್ಪನ ತಳೆ ಮಗನಿಗೆ ಆಗುವುದಿಲ್ಲ. ಅಳತೆ ತೆಗೆಯುವುದು ಮರದ ಬುಡದಲ್ಲಿ ಅಲ್ಲ, ಬುಡ ದಪ್ಪ ಇರುತ್ತದೆ. ಎದೆಮಟ್ಟದಲ್ಲಿ ಮರದ ಸುತ್ತಳತೆ ನೋಡಿ, ತನ್ನ ಪಾದದ ದಪ್ಪ ನೋಡಿ, ತಳೆ ಸ್ವಲ್ಪ ಉದ್ದವೇ ಮಾಡಿ ಗಂಟು ಹಾಕಬೇಕು. ಆಮೇಲೆ ನೆಲದಿಂದ ಒಂದೇ ಅಡಿ ಎತ್ತರದಲ್ಲಿ ಮರಕ್ಕೆ ಕಾಲು ಕೊಟ್ಟು ನಿಲ್ಲಬೇಕು. ಅಲ್ಲಿಂದ ಬಿದ್ದರೆ ಮಣ್ಣು ಹತ್ತುತ್ತದೆ, ಅಷ್ಟೇ. ಅಂಗಾಲಿನ ಒಳಬದಿ ಪೂರ್ತಿ ಮರಕ್ಕೆ ಕೂತಿತೋ? ಹಗ್ಗ ಪಾದದ ಕಮಾನಿನಲ್ಲಿ ನಿಂತಿತೋ, ಹರಡಿಗೆ ಏರಿತೋ, ಬೆರಳಿಗೆ ಜಾರಿತೋ? ಎರಡು ಸಲ ಮೈ ಕುಲುಕಿದರೆ ಪಾದ ಕದಲುತ್ತದೋ? ಇವಿಷ್ಟು ನೋಡಬೇಕು.

ತಳೆ ದೊಡ್ಡದಾದರೆ ಪಾದಗಳು ಮರದ ಹಿಂದಕ್ಕೆ ಸರಿಯುತ್ತವೆ, ಮಂಡಿ ಅಗಲುತ್ತದೆ, ಮೊಣಕಾಲ ಕೆಳಗಿನ ಚರ್ಮ ಮರಕ್ಕೆ ಉಜ್ಜಿ ಸುಲಿಯುತ್ತದೆ. ಸಣ್ಣದಾದರೆ ಪಾದದ ತುದಿ ಮಾತ್ರ ಮರಕ್ಕೆ ತಾಗುತ್ತದೆ, ಹತ್ತು ಮರಕ್ಕೇ ಮೀನಖಂಡ ಸೆಟೆಯುತ್ತದೆ. "ದೊಡ್ಡದು ಬೀಳಿಸ್ತದೆ, ಸಣ್ಣದು ಸೋಲಿಸ್ತದೆ" ಎಂದರು ಗೌಡರು. ಒಂದೇ ತಳೆ ಎಲ್ಲ ಮರಕ್ಕೂ ಸಾಲದು. ಎಳೆಯ ತೋಟದ ದಪ್ಪ ಮರಕ್ಕೆ ಒಂದು, ಹಳೆಯ ತೋಟದ ಸಪೂರ ಮರಕ್ಕೆ ಇನ್ನೊಂದು. ಸಾಮಾನಿನ ವಿಷಯದಲ್ಲೂ ಅವರಿಗೆ ಖಚಿತ ಅಭಿಪ್ರಾಯವಿದೆ. ಕತ್ತದ ಹಗ್ಗ ಮರವನ್ನು ಕಚ್ಚುತ್ತದೆ. ನೈಲಾನ್ ಗಟ್ಟಿ, ಆದರೆ ಒದ್ದೆಯಾದರೆ ಜಾರುತ್ತದೆ, ಪಾದವನ್ನೂ ಕೊಯ್ಯುತ್ತದೆ. ಎಳೆ ಬಿಟ್ಟ ತಳೆಯನ್ನು ಇನ್ನೊಂದು ದಿನ ನಡೆಸೋಣ ಎನ್ನಬಾರದು. ಆ ದಿನವೇ ಒಲೆಗೆ ಹಾಕಬೇಕು.

ಈಗ ನನಗೆ ನಗು ಬಾರದಿದ್ದ ಕಾರಣ ಹೇಳುತ್ತೇನೆ.

ಅದಕ್ಕೂ ಹಿಂದಿನ ವರ್ಷದ ಕೊಯ್ಲಿನಲ್ಲಿ ಗೌಡರಿಗೆ ಮೈ ಸರಿ ಇರಲಿಲ್ಲ. ಬೇರೆ ಕೊನೆಗೌಡ ಸಿಗಲಿಲ್ಲ. ಹಣ್ಣಡಿಕೆ ಉದುರತೊಡಗಿತ್ತು. ಗೌಡರ ಮಗ ತಾನು ಹತ್ತುತ್ತೇನೆ ಎಂದ. ಅಪ್ಪನ ಜೊತೆ ಎರಡು ಹಂಗಾಮು ನೇಣು ಹಿಡಿದ ಹುಡುಗ, ಹತ್ತಿದ್ದು ಕಡಿಮೆ. ನಾನು ದೊಡ್ಡ ಬುದ್ಧಿವಂತನಂತೆ ಒಂದು ಕೃಷಿ ಮೇಳಕ್ಕೆ ಹೋದವನು ಮರ ಹತ್ತುವ ಯಂತ್ರ ಕೊಂಡು ತಂದೆ. ಎರಡು ಕಬ್ಬಿಣದ ಚೌಕಟ್ಟು. ಒಂದೊಂದಕ್ಕೂ ಮರವನ್ನು ಸುತ್ತುವ ತಂತಿ ಹಗ್ಗ, ಕಾಲಿಡಲು ಮೆಟ್ಟು, ಮೆಟ್ಟಿಗೆ ಪಟ್ಟಿ. ಒಂದು ಕಾಲೆತ್ತಿದರೆ ಆ ಚೌಕಟ್ಟು ಸಡಿಲಾಗಿ ಮೇಲೆ ಬರುತ್ತದೆ, ಭಾರ ಬಿಟ್ಟರೆ ಮರವನ್ನು ಕಚ್ಚಿ ನಿಲ್ಲುತ್ತದೆ. ಮೇಳದಲ್ಲಿ ತೆಂಗಿನ ಮರಕ್ಕೆ ಹತ್ತಿ ತೋರಿಸಿದರು. ಚೆನ್ನಾಗಿ ಹತ್ತಿತು. ತೆಂಗಿನ ಮರಕ್ಕೆ ಎಂಬುದನ್ನು ನಾನು ಗಮನಿಸಲಿಲ್ಲ.

ಲೆಕ್ಕ ತೀರ ಸುಲಭ. ಸುತ್ತಳತೆ 90 ಸೆಂಟಿಮೀಟರ್ ಇರುವ ತೆಂಗಿನ ಮರದ ಅಡ್ಡಳತೆ ಸುಮಾರು 29 ಸೆಂಟಿಮೀಟರ್. 45 ಸೆಂಟಿಮೀಟರ್ ಸುತ್ತಳತೆಯ ಅಡಿಕೆ ಮರದ್ದು ಸುಮಾರು 14. ಅರ್ಧಕ್ಕರ್ಧ. ತಂತಿಯನ್ನು ಕೊನೆಯ ತೂತಿನವರೆಗೆ ಎಳೆದು ಕಟ್ಟಿದರೂ ನಮ್ಮ ಮರಕ್ಕೆ ಅದು ದೊಡ್ಡದೇ. ಸುತ್ತು ದೊಡ್ಡದಾದರೆ ಚೌಕಟ್ಟು ಮುಂದಕ್ಕೆ ಜೋತು ಬೀಳುತ್ತದೆ, ಕಾಲಿನ ಮೆಟ್ಟು ಕೆಳಮುಖ ಇಳಿಜಾರಾಗುತ್ತದೆ. ಮೇಲೆ ಹೋದಂತೆ ಮರ ಸಪೂರವಾದರೆ ಜೋಲು ಇನ್ನೂ ಹೆಚ್ಚು. ಸಾಲದ್ದಕ್ಕೆ ಹುಡುಗನ ಪಾದ ಸಣ್ಣದು, ಪಟ್ಟಿಯೂ ಸಡಿಲ. ಹನ್ನೆರಡು ಅಡಿ ಏರಿದ್ದ. ಕಾಲು ಮೆಟ್ಟಿನಿಂದ ಮುಂದಕ್ಕೆ ಜಾರಿತು, ಕೈ ಸೋತಿತು, ಹಿಮ್ಮಡಿ ಊರಿ ಬಿದ್ದ.

ಹಿಮ್ಮಡಿಯ ಎಲುಬು ಬಿರುಕು ಬಿಟ್ಟಿತ್ತು. ಆಸ್ಪತ್ರೆಯ ಖರ್ಚು ನಾನು ಕೊಟ್ಟೆ. ಕೊಡಲೇಬೇಕಿತ್ತು, ಅದರಲ್ಲಿ ದೊಡ್ಡತನವೇನೂ ಇಲ್ಲ. ಆದರೆ ಮೂರು ತಿಂಗಳು ಆ ಹುಡುಗ ನೆಲಕ್ಕೆ ಕಾಲೂರಲಿಲ್ಲ, ಅದೂ ಕೊಯ್ಲಿನ ಮೂರು ತಿಂಗಳು. ಗೌಡರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಹೇಳಿದ್ದು ಇಷ್ಟೇ: "ಹೆಗ್ಡೇರೇ, ಯಂತ್ರ ತರೂಕಿಂತ ಮೊದ್ಲು ನನ್ನ ಒಂದ್ ಮಾತು ಕೇಳ್ಬೇಕಿತ್ತು. ಮರ ಅಳೀದೆ ತಂದ್ರೆ ಹ್ಯಾಂಗೆ?"

ನನ್ನ ಅಳಿಯ ಬೈಂಡಿಂಗ್ ತರಿಸಿಕೊಂಡ ರೀತಿಗೂ ನಾನು ಯಂತ್ರ ತಂದ ರೀತಿಗೂ ಏನು ವ್ಯತ್ಯಾಸ? ವ್ಯತ್ಯಾಸ ಒಂದೇ. ಅವನು ತನ್ನ ತಪ್ಪಿಗೆ ತಾನು ಬಿದ್ದ. ನನ್ನ ತಪ್ಪಿಗೆ ಬಿದ್ದವನು ಇನ್ನೊಬ್ಬ.

ಯಂತ್ರವೇ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು. ತೆಂಗಿನ ಮರಕ್ಕೆ ಈ ಬಗೆಯ ಯಂತ್ರ ಬಹಳ ಜನರಿಗೆ ಅನ್ನ ಕೊಟ್ಟಿದೆ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯುವಕ ಯುವತಿಯರಿಗೆ ಯಂತ್ರದಿಂದ ಮರ ಹತ್ತುವ ತರಬೇತಿ ಕೊಡುತ್ತ ಬಂತು. ತಳೆ ಕಟ್ಟಲು ಬಾರದ ಎಷ್ಟೋ ಜನ ಅದರಿಂದ ಮರ ಹತ್ತಿದರು. ತೆಂಗಿನ ಮರ ಹತ್ತುವವರಿಗೆಂದೇ ಆ ಮಂಡಳಿಯ 'ಕೇರ ಸುರಕ್ಷಾ' ಎಂಬ ವಿಮೆ ಇದೆ. ಅಡಿಕೆಗೂ ತರಬೇತಿ ನಡೆದಿದೆ. ವಿಟ್ಲದ ಸಿಪಿಸಿಆರ್‌ಐಯಲ್ಲಿ 2018ರಲ್ಲಿ 'ಅಡಿಕೆ ಕೌಶಲ್ಯ ಪಡೆ' ಶಿಬಿರ ಆಯಿತು. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಮಾಡಿದ, ಕೂತುಕೊಂಡೇ ಮರ ಏರುವ ಪೆಟ್ರೋಲ್ 'ಸ್ಕೂಟರು' 2019ರಲ್ಲಿ ದೇಶದಲ್ಲೆಲ್ಲ ಸುದ್ದಿಯಾಯಿತು. ಮರವನ್ನೇ ಹತ್ತದೆ ನೆಲದಿಂದಲೇ ಕೊನೆ ಇಳಿಸುವ, ಮದ್ದು ಹೊಡೆಯುವ ಹಗುರಾದ ಉದ್ದ ದೋಟಿಗಳೂ ಬಂದಿವೆ. ದೋಟಿಗೂ ಅಳತೆ ಇದೆ: ತೋಟದ ಅತಿ ಎತ್ತರದ ಮರಕ್ಕೆ ಎಟಕಬೇಕು, ಹಿಡಿಯುವವನ ತೋಳಿಗೂ ತಡೆಯಬೇಕು.

ಹಾಗಾದರೆ ಯಂತ್ರ ಕೊಳ್ಳುವಾಗ ಏನು ನೋಡಬೇಕು? ಪೆಟ್ಟು ತಿಂದವನು ಹೇಳುತ್ತೇನೆ, ಕೇಳಿ. ಮನೆಯಿಂದ ಹೊರಡುವ ಮೊದಲು ಒಂದು ಹುರಿ ತೆಗೆದುಕೊಂಡು ತೋಟದ ಅತಿ ದಪ್ಪ ಮರ, ಅತಿ ಸಪೂರ ಮರ ಎರಡನ್ನೂ ಸುತ್ತಿ ಗಂಟು ಹಾಕಿಕೊಳ್ಳಿ. ಆ ಹುರಿ ಜೇಬಿನಲ್ಲಿರಲಿ. ಹತ್ತುವವನನ್ನು ಜೊತೆಗೆ ಕರೆದುಕೊಂಡು ಹೋಗಿ, ಯಂತ್ರ ಅವನ ಕಾಲಿಗೆ, ನಿಮ್ಮ ಕಣ್ಣಿಗಲ್ಲ. ಎರಡು ಗಂಟಿಗೂ ಸುತ್ತು ಹೊಂದುತ್ತದೋ, ಹೊಂದಿದ ಮೇಲೂ ಹೆಚ್ಚು ಕಡಿಮೆ ಮಾಡಲು ತೂತು ಉಳಿಯುತ್ತದೋ ನೋಡಿ. ಪಟ್ಟಿ ಪಾದದ ನಡುವೆ ಕೂರಬೇಕು, ಹಿಮ್ಮಡಿ ಅಲುಗಬಾರದು. ಬುಡದಲ್ಲಿ ಭಾರ ಬಿಟ್ಟು ನಿಂತಾಗ ಮೆಟ್ಟು ಸಮತಟ್ಟಿಗಿಂತ ತುಸು ಮೇಲ್ಮುಖವಾಗಿಯೇ ಇರಲಿ. ಮರ ಸಪೂರಾದಂತೆ ಅದು ಸಮಕ್ಕೆ ಬರುತ್ತದೆ. ಬುಡದಲ್ಲೇ ಸಮ ಇದ್ದರೆ ಮೇಲೆ ಇಳಿಜಾರಾಗುತ್ತದೆ. ಮೊದಲ ದಿನ ಎರಡು ಅಡಿಗಿಂತ ಮೇಲೆ ಹೋಗಬಾರದು. ಸೊಂಟಕ್ಕೆ ರಕ್ಷಣಾ ಪಟ್ಟಿ ಇಲ್ಲದೆ ಯಾವ ದಿನವೂ ಹೋಗಬಾರದು. ಒದ್ದೆ ಮರಕ್ಕೆ ಇವತ್ತೇ ಹತ್ತು ಎಂದು ಒತ್ತಾಯ ಮಾಡಬಾರದು. ಈ ಕೊನೆಯ ಮಾತು ಹತ್ತುವವನಿಗಲ್ಲ, ನನ್ನಂಥ ತೋಟದವರಿಗೆ. ಒಂದು ಹಣ್ಣಡಿಕೆ ಉದುರಿದರೆ ಹೆಕ್ಕಬಹುದು.

ಹಿಮದ ಆಟದಲ್ಲಿ ಒಂದು ವಿಶೇಷವಿದೆ. ಸ್ಕೀ ಎಂಬ ಜೋಡಿ ಹಲಗೆಯ ಬೈಂಡಿಂಗ್ ಬಿದ್ದಾಗ ತಾನಾಗಿ ಕಾಲನ್ನು ಬಿಡುವಂತೆ ಮಾಡಿರುತ್ತಾರೆ. ಸ್ನೋಬೋರ್ಡಿನದು ಹಾಗೆ ಬಿಡುವುದಿಲ್ಲ, ಬಿದ್ದರೆ ಹಲಗೆ ಸಮೇತ ಬೀಳಬೇಕು. ಇದನ್ನು ಕೇಳಿದ ಗೌಡರು, "ಅಲ್ಲಿ ಕೆಳ್ಗೆ ಹಿಮ ಆದ್ರೂ ಇರ್ತದೆ" ಎಂದು ಎದ್ದು ಕೊನೆ ರಾಶಿಯ ಕಡೆ ನಡೆದರು.

ಗೌಡರ ಮಗನ ಕಾಲು ಈಗ ಸರಿಯಾಗಿದೆ. ಮಳೆಗಾಲದಲ್ಲಿ ಕುಂಟು ಪೂರ್ತಿ ಹೋಯಿತು. ಮರಕ್ಕೆ ಹತ್ತುವುದೇ ಬೇಡ ಎಂದು ಅವನ ತಾಯಿ ಹಟ ಹಿಡಿದಿದ್ದರು, ನಾನೂ ಅದನ್ನೇ ಹೇಳಿದೆ. ಹುಡುಗ ಕೇಳಲಿಲ್ಲ. ತಾನೇ ಕತ್ತದ ಹಗ್ಗ ಹೊಸೆದು ತಳೆ ಮಾಡಿಕೊಂಡ. ಈ ಹಂಗಾಮಿನ ಮೊದಲ ದಿನ ಗೌಡರು ಅವನನ್ನು ಅಂಗಳದ ಬದಿಯ ಮರಕ್ಕೆ ಒಂದು ಅಡಿ ಹತ್ತಿಸಿ ನಿಲ್ಲಿಸಿದರು. ಸುತ್ತ ಬಂದು ನೋಡಿದರು. ಪಾದದ ಕೆಳಗೆ ಬೆರಳು ತೂರಿಸಿ ನೋಡಿದರು. "ಇಳಿ" ಎಂದರು. ತಳೆ ಬಿಚ್ಚಿಸಿ ಎರಡು ಬೆರಳಿನಷ್ಟು ಕಡಿಮೆ ಮಾಡಿ ಗಂಟು ಹಾಕಿಸಿದರು. ಮತ್ತೆ ಹತ್ತಿಸಿದರು. ಮತ್ತೆ ಇಳಿಸಿದರು. ಮೂರನೆಯ ಸಲ ಏನೂ ಹೇಳದೆ ಹೋಗಿ ನೇಣಿನ ತುದಿ ಹಿಡಿದು ನಿಂತರು. ಹುಡುಗ ತುದಿ ಮುಟ್ಟುವವರೆಗೆ ನಾನು ಕೆಳಗೆ ನೋಡುತ್ತಲೇ ಇದ್ದೆ.

ಮೊನ್ನೆ ಕ್ಯಾಲ್ಗರಿಯಿಂದ ಫೋನು ಬಂದಿತ್ತು. ಹೊಸ ಬೈಂಡಿಂಗ್ ತಂದನಂತೆ. "ಬೂಟು ಹೊತ್ಕಂಡೇ ಅಂಗಡಿಗೆ ಹೋಗಿದ್ದೆ ಮಾವ, ಗೌಡ್ರಿಗೆ ಹೇಳು" ಎಂದ. ಹೇಳಿದೆ. ಗೌಡರು ತಲೆ ಹಾಕಿದರು.

ಯಂತ್ರ ನಮ್ಮ ಕೊಟ್ಟಿಗೆಯ ಅಟ್ಟದಲ್ಲಿದೆ. ಮನೆ ಹಿಂದಿನ ನಾಲ್ಕು ತೆಂಗಿನ ಮರಕ್ಕೆ ವರ್ಷಕ್ಕೆ ಮೂರು-ನಾಲ್ಕು ಸಲ ಇಳಿಸುತ್ತೇವೆ. ನೆರೆಹೊರೆಯವರು ಕೇಳಿದರೆ ಕೊಡುತ್ತೇನೆ. ಅದಕ್ಕೊಂದು ತಗಡಿನ ತುಂಡು ಕಟ್ಟಿ ಬಣ್ಣದಲ್ಲಿ ಬರೆದಿದ್ದೇನೆ: ತೆಂಗಿಗೆ ಮಾತ್ರ. ಜೊತೆಗೆ ಎರಡು ಗಂಟಿನ ಹುರಿಯನ್ನೂ ಕಟ್ಟಿಟ್ಟಿದ್ದೇನೆ.